ಕೈಯಲ್ಲಿ ಮಾಡಿದ ಸೆರಾಮಿಕ್ ಸಾಮಾನು: ಆನ್‌ಲೈನ್‌ಗೆ ಇಳಿಯಲೋ ಬೇಡವೋ?

ತಿಗರಿ ಮುಂದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ಪುಟ್ಟ ಕೆಲಸ. ತಿಗರಿ ಮೇಲೆ ಮಗ್, ಬಟ್ಟಲು, ತಟ್ಟೆ, ಹೂದಾನಿ ಮಾಡುತ್ತೇನೆ. ನಾನು, ಅರ್ಧ ದಿನ ಬರುವ ಒಬ್ಬ ಸಹಾಯಕಿ, ಒಂದು ಕರೆಂಟ್ ಕಿಲ್ನ್ (ಮಣ್ಣಿನ ಸಾಮಾನು ಸುಡುವ ಗೂಡು), ಇಷ್ಟೇ ನನ್ನ ಕಾರ್ಖಾನೆ. ಕೆಲಸದ ಮನೆಗೇ ಬಂದು ಕೊಳ್ಳುವವರು ಇದ್ದಾರೆ. ಆಗಾಗ ಕರಕುಶಲ ಮೇಳಗಳಲ್ಲಿ ಮಾರುತ್ತೇನೆ. ಒಂದು ಉಡುಗೊರೆ ಅಂಗಡಿಯವರು ಸಾಮಾನು ಇಟ್ಟುಕೊಂಡು, ಮಾರಾಟ ಆದಮೇಲೆ ದುಡ್ಡು ಕೊಡುತ್ತಾರೆ. ಬೆಲೆಯಲ್ಲಿ ಅರ್ಧ ಅವರಿಗೇ ಹೋಗುತ್ತದೆ.

ಮನೆಯಲ್ಲಿ ಈಗ ಎಲ್ಲರದೂ ಒಂದೇ ರಾಗ, ಆನ್‌ಲೈನ್‌ನಲ್ಲಿ ಮಾರು ಅಂತ. ಮೈದುನ ಕಂಪ್ಯೂಟರ್ ಕೆಲಸದವನು. "ಅತ್ತಿಗೆ, ನೀವು ಹೂಂ ಅನ್ನಿ ಸಾಕು, ವೆಬ್‌ಸೈಟ್ ನಾನು ಮಾಡಿಕೊಡುತ್ತೇನೆ" ಅಂತ ಬೆನ್ನು ಬಿದ್ದಿದ್ದಾನೆ. ನನಗೇನೋ ಹೂಂ ಅನ್ನಲು ಬಾಯಿ ಬರುತ್ತಿಲ್ಲ.

ಯಾಕೆ ಅಂದರೆ, ನನ್ನ ಎರಡು ಮಗ್ ಒಂದೇ ಥರ ಇರುವುದಿಲ್ಲ. ಒಂದೇ ಗ್ಲೇಜ್ (ಗಾಜಿನಂತೆ ಹೊಳೆಯುವ ಲೇಪ) ಹಚ್ಚಿ ಒಂದೇ ಸಲ ಸುಟ್ಟರೂ ಕಿಲ್ನ್‌ನ ಮೇಲಿನ ತಟ್ಟಿನಲ್ಲಿ ಒಂದು ಬಣ್ಣ, ಕೆಳಗೆ ಇನ್ನೊಂದು. ಫೋಟೋದಲ್ಲಿ ನೋಡಿದ್ದು ಬೇರೆ, ಬಂದಿದ್ದು ಬೇರೆ ಅಂತ ಜಗಳ ಬಂದರೆ? ಎರಡನೆಯದು, ದಾರಿಯಲ್ಲಿ ಒಡೆಯುವ ಭಯ. ಇವೆರಡಕ್ಕಿಂತ ದೊಡ್ಡದು ಇನ್ನೊಂದಿದೆ. ಜನ ಮಗ್ ಕೈಗೆ ತಗೊಂಡು, ಹಿಡಿಯಲ್ಲಿ ಬೆರಳು ತೂರಿಸಿ, ಕುಡಿಯುವವರ ಹಾಗೆ ಬಾಯಿ ಹತ್ತಿರ ಎತ್ತಿ ನೋಡುತ್ತಾರೆ. ನನ್ನ ಮಾರಾಟ ಆಗುವುದು ಆ ಹೊತ್ತಿನಲ್ಲೇ. ಅದನ್ನು ಪರದೆ ಮೇಲೆ ಹೇಗೆ ತೋರಿಸುವುದು?

"ಸುಮ್ನೆ ಟ್ರೈ ಮಾಡಿ ನೋಡಿ" ಅಂತ ಮಾತ್ರ ಹೇಳಬೇಡಿ ಪ್ಲೀಸ್. ಅದನ್ನು ಮನೆಯಲ್ಲೇ ಸಾಕಷ್ಟು ಕೇಳಿಸಿಕೊಂಡಿದ್ದೇನೆ. ಹೇಗೆ ಲೆಕ್ಕ ಹಾಕಿ ತೀರ್ಮಾನ ಮಾಡಬೇಕು ಅನ್ನುವುದು ನನ್ನ ಪ್ರಶ್ನೆ.

ಹೊಸಗಾಳಿ

ಅಕ್ಕಾ, ಇಷ್ಟು ಯೋಚನೆ ಮಾಡುವಂಥದ್ದು ಏನಿಲ್ಲ. ಈಗ ಅಂಗಡಿ ತೆರೆಯಲು ಬಾಡಿಗೆ ಇಲ್ಲ, ಮುಂಗಡ ಇಲ್ಲ. ಫೋಟೋ ಹಾಕಿ, ಬೆಲೆ ಬರೆಯಿರಿ, ಮುಗೀತು. ಹೋಗದಿದ್ದರೆ ತೆಗೆದುಹಾಕಿ. ಕಳಕೊಳ್ಳೋದೇನು?

ಹಳೇ ತಕ್ಕಡಿ

ಏನು ಕಳಕೊಳ್ಳುತ್ತಾರೆ ಅಂತ ನಾನು ಹೇಳುತ್ತೇನೆ. ಅಂಗಡಿ ತೆರೆಯಲು ಖರ್ಚಿಲ್ಲ, ಅದು ನಿಜ. ಖರ್ಚು ಇರುವುದು ಒಂದೊಂದು ಆರ್ಡರ್‌ನ ಒಳಗೆ. ಅಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ನಾನು ಮರದ ಪದರ, ಕಾಗದ ಹಾಕಿ ಲ್ಯಾಂಪ್‌ಶೇಡ್ ಮಾಡುವವನು. ಕೆಲವನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ, ಕೆಲವನ್ನು ಏನೇ ಆದರೂ ಮಾರುವುದಿಲ್ಲ. ಮೇಡಂ, ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಬೇಕು. ಇಡೀ ವ್ಯಾಪಾರಕ್ಕೆ ಸೇರಿಸಿ ಬೇಕೋ ಬೇಡವೋ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೊಂದೇ ಸಾಮಾನನ್ನು ಎದುರಿಗೆ ಇಟ್ಟುಕೊಂಡು ಕೇಳಿ: ಪಕ್ಕದಲ್ಲಿ ನಿಂತು ಮಾತಾಡಲು ನಾನಿಲ್ಲದಿದ್ದರೂ ಇದು ಮಾರಾಟ ಆಗುತ್ತದಾ? ದಾರಿಯಲ್ಲಿ ಬದುಕಿ ತಲುಪುತ್ತದಾ? ಇನ್ನೊಂದು ಬೇಕು ಅಂದರೆ ಮಾಡಿಕೊಡಲು ಆಗುತ್ತದಾ?

ಅಮೆಜಾನ್ 1995ರಲ್ಲಿ ಪುಸ್ತಕದಿಂದ ಶುರು ಮಾಡಿದ್ದು ಪುಸ್ತಕದ ಮೇಲಿನ ಪ್ರೀತಿಯಿಂದಲ್ಲ. ಒಂದು ಪುಸ್ತಕ ಎಲ್ಲಿ ಕೊಂಡರೂ ಅದೇ ಪುಸ್ತಕ. ಬಿದ್ದರೆ ಒಡೆಯುವುದಿಲ್ಲ. ಹೆಸರು ಗೊತ್ತಿದ್ದರೆ ಹುಡುಕಬಹುದು. ಜಗತ್ತಿನಲ್ಲಿರುವ ಅಷ್ಟೂ ಪುಸ್ತಕ ಇಡುವ ಅಂಗಡಿ ಕಟ್ಟಲು ಯಾರಿಂದಲೂ ಆಗುವುದಿಲ್ಲ, ಪಟ್ಟಿಯಲ್ಲಾದರೆ ಇಡಬಹುದು. ಅದೇ ಕಾಲದಲ್ಲಿ ಪೆಟ್ಸ್ ಡಾಟ್ ಕಾಮ್ ಅಂತ ಇನ್ನೊಂದು ಕಂಪನಿ ಬಂತು. ನಾಯಿ ಬೆಕ್ಕಿನ ಆಹಾರ, ಸಾಮಾನು ಮಾರುತ್ತಿತ್ತು. ಜಾಹೀರಾತು ಬೇಕಾದಷ್ಟು, ಹೆಸರು ಬೇಕಾದಷ್ಟು. 2000ನೇ ಇಸವಿ ಫೆಬ್ರವರಿಯಲ್ಲಿ ಷೇರು ಮಾರುಕಟ್ಟೆಗೆ ಬಂತು, ಅದೇ ವರ್ಷ ನವೆಂಬರ್‌ನಲ್ಲಿ ಬಾಗಿಲು ಹಾಕುವುದಾಗಿ ಹೇಳಿತು. ಮುಳುಗಲು ಕಾರಣ ಒಂದೇ ಅಲ್ಲ. ಆದರೆ ತೂಕ ಜಾಸ್ತಿ, ಲಾಭ ಕಡಿಮೆ ಇರುವ ಮೂಟೆಗಳನ್ನು ಮನೆಮನೆಗೆ ಮುಟ್ಟಿಸುವ ಖರ್ಚು ಅದರಲ್ಲಿ ದೊಡ್ಡದು. ನಿಮ್ಮ ದೊಡ್ಡ ಹೂದಾನಿ ಪುಸ್ತಕದ ಜಾತಿಗೆ ಸೇರಿದ್ದಲ್ಲ ಅಂತ ನನಗೆ ಅನ್ನಿಸುತ್ತದೆ.

ಇನ್ನು ಲೆಕ್ಕ. ಮಗ್ ಬೆಲೆ 100 ಅಂತ ಇಟ್ಟುಕೊಳ್ಳಿ. ಇವು ನಾನು ಸುಮ್ನೆ ಇಟ್ಟ ಅಂಕಿಗಳು, ಆ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. ಮಣ್ಣು, ಗ್ಲೇಜ್, ಕರೆಂಟು, ಸಹಾಯಕಿಯ ಕೂಲಿ, ನಿಮ್ಮ ಕೂಲಿ ಎಲ್ಲ ಸೇರಿ 45. (ನಿಮ್ಮ ಕೂಲಿ ಬಿಟ್ಟು ಲೆಕ್ಕ ಹಾಕುತ್ತಿದ್ದರೆ ಮೊದಲು ಅದನ್ನು ಸೇರಿಸಿ, ಆಮೇಲೆ ಮಿಕ್ಕ ಮಾತು.) ಮಾರುವ ತಾಣದ ಕಮಿಷನ್ 12. ದುಡ್ಡು ಪಾವತಿ ಮಾಡಿಸುವವರಿಗೆ 3. ಡಬ್ಬ, ಒಳಗಿನ ಸುತ್ತುವ ಸಾಮಾನು 7. ಕೊರಿಯರ್ ಖರ್ಚು ನೀವೇ ಹೊತ್ತರೆ 15. ಒಡೆದದ್ದು, ವಾಪಸ್ ಬಂದದ್ದಕ್ಕೆ ಸರಾಸರಿ 5. ಎಲ್ಲ ಕೂಡಿದರೆ 87. ಉಳಿದದ್ದು 13.

ಈಗ ಪಕ್ಕದಲ್ಲಿ ಬೇರೆ ದಾರಿಗಳನ್ನು ಇಟ್ಟು ನೋಡಿ. ಉಡುಗೊರೆ ಅಂಗಡಿಯಲ್ಲಿ ನಿಮಗೆ ಬರುವುದು 50, ಅದರಲ್ಲಿ 45 ಹೋದರೆ 5. ನಿಮ್ಮ ಮನೆಗೇ ಬಂದು ಕೊಂಡರೆ 55. ಅಂದರೆ ಕಾಗದದ ಮೇಲೆ ಉಡುಗೊರೆ ಅಂಗಡಿಗಿಂತ ಆನ್‌ಲೈನೇ ವಾಸಿ. ಆದರೆ ಆ 13ರಲ್ಲಿ ಫೋಟೋ ತೆಗೆದ ಹೊತ್ತು ಇಲ್ಲ, ವಿವರ ಬರೆದ ಹೊತ್ತು ಇಲ್ಲ, "ಇನ್ನೂ ಸ್ವಲ್ಪ ನೀಲಿ ಬರುತ್ತಾ?" ಅಂತ ಕೇಳುವವರಿಗೆ ಉತ್ತರ ಕೊಟ್ಟ ಹೊತ್ತು ಇಲ್ಲ. ಅಂಗಡಿಯವರು ಇದೆಲ್ಲ ಮಾಡುವುದಕ್ಕೇ ಅರ್ಧ ಹಿಡಿಯುವುದು. ನಾವು ಅವರನ್ನು ಬೈಯುತ್ತೇವೆ, ಇರಲಿ.

ಇದರಲ್ಲಿ ಇನ್ನೊಂದು ಹಳ್ಳ ಇದೆ. ನಿಮ್ಮ ಮನೆಗೆ ಬರುತ್ತಿದ್ದ ಗಿರಾಕಿಯೇ ಸುಲಭ ಅಂತ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಲು ಶುರು ಮಾಡಿದರೆ, 55 ಉಳಿಯುತ್ತಿದ್ದ ಕಡೆ 13 ಉಳಿಯುತ್ತದೆ. ಮಾರಾಟದ ಅಂಕಿ ಅಷ್ಟೇ ಇರುತ್ತದೆ, ಕೈಗೆ ಬರುವುದು ಮಾತ್ರ ಇಳಿಯುತ್ತದೆ. ಆದ್ದರಿಂದ ಆನ್‌ಲೈನ್ ಗಿರಾಕಿ ಹೊಸಬರಾಗಿದ್ದರೆ ಮಾತ್ರ ಲಾಭ.

ಈಗ ನಾನು ಕೇಳುತ್ತೇನೆ, ನೀವು ಹೇಳಿ. ಸುಟ್ಟದ್ದರಲ್ಲಿ ಮಾರದೆ ಉಳಿಯುವುದು ಯಾವುದು? ಕಿಲ್ನ್ ತುಂಬಿಯೇ ನಡೆಯುತ್ತಿದೆಯಾ, ಜಾಗ ಖಾಲಿ ಇದೆಯಾ?

ತಿಗರಿ ಮುಂದೆ

ಈ ಥರ ಯಾರೂ ಬಿಡಿಸಿ ಹೇಳಿರಲಿಲ್ಲ. ಥ್ಯಾಂಕ್ಸ್ ಸರ್.

ಮಗ್ ಉಳಿಯುವುದೇ ಇಲ್ಲ. ಮೇಳಕ್ಕೆ ಒಯ್ದದ್ದು ವಾಪಸ್ ಬಂದ ನೆನಪಿಲ್ಲ. ಬಟ್ಟಲು, ತಟ್ಟೆ ನಿಧಾನವಾಗಿ ಹೋಗುತ್ತವೆ. ಉಳಿಯುವುದು ದೊಡ್ಡ ಹೂದಾನಿಗಳು. ಮೈದುನ ಆನ್‌ಲೈನ್‌ಗೆ ಹಾಕೋಣ ಅನ್ನುತ್ತಿರುವುದೂ ಅವನ್ನೇ, "ಅವು ಸುಮ್ನೆ ಕೂತಿವೆಯಲ್ಲ" ಅಂತ.

ಕಿಲ್ನ್ ತುಂಬಿಯೇ ನಡೆಯುತ್ತದೆ. ದೊಡ್ಡ ಸಾಮಾನಿನ ನಡುವೆ ಉಳಿಯುವ ಸಂದಿಯಲ್ಲಿ ಬಟ್ಟೆಗೆ ಹಾಕುವ ಗುಂಡಿಗಳನ್ನು ಇಟ್ಟು ಸುಡುತ್ತೇನೆ. ಮಿಕ್ಕ ಮಣ್ಣಿನಿಂದ ಸಹಾಯಕಿ ಅಚ್ಚಿನಲ್ಲಿ ಒತ್ತುತ್ತಾಳೆ. ಉಣ್ಣೆ ಹೆಣೆಯುವ ಕೆಲವರು ಬಂದು ಮುಷ್ಟಿಗಟ್ಟಲೆ ತಗೊಂಡು ಹೋಗುತ್ತಾರೆ. ಅದು ವ್ಯಾಪಾರದ ಲೆಕ್ಕಕ್ಕೆ ಬರುವಂಥದ್ದಲ್ಲ, ಹೇಳಬೇಕು ಅಂತ ಹೇಳಿದೆ.

ಡಬ್ಬದೊಳಗೆ

ನಾನು ಪಾರ್ಸಲ್ ವಿಂಗಡಿಸುವ ಕಡೆ ಕೆಲಸ ಮಾಡಿದವನು. ಹೂದಾನಿ ಬಗ್ಗೆ ಹೇಳಲೇಬೇಕು.

ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಡಬ್ಬ ತಿನ್ನುವ ಜಾಗವನ್ನೂ ತೂಕಕ್ಕೆ ತಿರುಗಿಸುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ದೊಡ್ಡ ಅಂತರರಾಷ್ಟ್ರೀಯ ಕೊರಿಯರ್‌ಗಳ ಲೆಕ್ಕ. ಕೆಲವು ಕಡೆ ಭಾಜಕ ಬೇರೆ ಇರುತ್ತದೆ, ಲೆಕ್ಕದ ರೀತಿ ಅದೇ. 40, 30, 30ರ ಡಬ್ಬ ಅಂದರೆ 36,000. ಭಾಗಿಸಿದರೆ 7.2 ಕಿಲೋ. ಹೂದಾನಿ ನಿಜವಾದ ತೂಕ 3 ಕಿಲೋ ಇದ್ದರೂ ಬಿಲ್ ಬರುವುದು 7.2ಕ್ಕೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದು.

ಹಾಗಂತ ಡಬ್ಬ ಚಿಕ್ಕದು ಮಾಡಲು ಹೋಗಬೇಡಿ. ಒಡೆಯುವ ಸಾಮಾನಿಗೆ ಎಲ್ಲ ಕಡೆಯಿಂದಲೂ ಕಡಿಮೆ ಅಂದರೆ 5 ಸೆಂಟಿಮೀಟರ್ ಮೆತ್ತೆ ಬೇಕು. ತಳ ಮತ್ತು ಮೇಲೂ ಸೇರಿ. ಎರಡು ಪದರದ ರಟ್ಟು. ಹಿಡಿ, ಬಾಯಿ ಅಂಚು, ಹೊರಗೆ ಚಾಚಿದ್ದೆಲ್ಲ ಬೇರೆಯಾಗಿ ಸುತ್ತಬೇಕು, ಒಡೆಯುವುದು ಅಲ್ಲೇ. ಪೊಳ್ಳು ಇದ್ದರೆ ಒಳಗೂ ಕಾಗದ ತುರುಕಿ. ಮುಚ್ಚಿದ ಮೇಲೆ ಅಲ್ಲಾಡಿಸಿ ನೋಡಿ. ಒಳಗೆ ಏನಾದರೂ ಸರಿದಾಡಿದ ಸದ್ದು ಬಂದರೆ ಮತ್ತೆ ಬಿಚ್ಚಿ. ಒಂದು ಡಬ್ಬ ಕಟ್ಟಿ, ಸೊಂಟದ ಎತ್ತರದಿಂದ ಮೂಲೆ ಮೇಲೆ ಬೀಳುವ ಹಾಗೆ ನೀವೇ ಬೀಳಿಸಿ. ಮನಸ್ಸು ಬರುವುದಿಲ್ಲ, ಗೊತ್ತು. ಗ್ಲೇಜ್ ಕೆಟ್ಟ ಮಗ್ ಹಾಕಿ ಮಾಡಿ.

"ಒಡೆಯುವ ವಸ್ತು, ಜೋಪಾನ" ಅನ್ನುವ ಚೀಟಿ ನಂಬಿಕೊಂಡು ಕೂರಬೇಡಿ. ಬೆಲ್ಟ್ ಮೇಲೆ ಓಡುವ ಪಾರ್ಸಲ್‌ನ ಚೀಟಿಯನ್ನು ಬೆಲ್ಟ್ ಓದುವುದಿಲ್ಲ. ಇನ್ನೊಂದು, ಇನ್ಷೂರೆನ್ಸ್ ಅಂತ ಕಟ್ಟುವ ಮುಂಚೆ ಷರತ್ತು ಓದಿ. ಗಾಜು, ಸೆರಾಮಿಕ್ ಒಡೆದರೆ ಕೊಡುವುದಿಲ್ಲ ಅಂತ ಬರೆದಿರುವುದು ಅಪರೂಪವೇನಲ್ಲ.

ಗುಂಡಿ ಆದರೆ? 15, 10, 3ರ ಲಕೋಟೆ. 450 ಭಾಗಿಸು 5000. 90 ಗ್ರಾಂ. ನನಗೆ ವ್ಯಾಪಾರ ಗೊತ್ತಿಲ್ಲ, ಪಾರ್ಸಲ್ ಗೊತ್ತು.

ಕೊಳ್ಳುವವಳು

ನಾನು ಮಾರುವವಳಲ್ಲ, ಕೈಯಲ್ಲಿ ಮಾಡಿದ ಸಾಮಾನು ಆನ್‌ಲೈನ್‌ನಲ್ಲಿ ಕೊಳ್ಳುವವಳು. ಆ ಕಡೆಯ ಮಾತೂ ಒಂದಿಷ್ಟು ಇರಲಿ.

ಬಣ್ಣ ಸ್ವಲ್ಪ ಬೇರೆ ಬಂದರೆ ನನಗೆ ಬೇಜಾರಿಲ್ಲ. ಮೊದಲೇ ಹೇಳಿರಬೇಕು ಅಷ್ಟೇ. "ಫೋಟೋದಲ್ಲಿರುವ ಇದೇ ಮಗ್ ಬರುತ್ತದೆ" ಅನ್ನುವುದು ಒಂದು. "ಇದೇ ಥರದ್ದು, ಬಣ್ಣ ಇಲ್ಲಿಂದ ಇಲ್ಲಿಯವರೆಗೆ ಬದಲಾಗಬಹುದು" ಅಂತ ನಾಲ್ಕೈದು ಮಗ್ ಪಕ್ಕಪಕ್ಕ ಇಟ್ಟ ಫೋಟೋ ಇನ್ನೊಂದು. ಎರಡರಲ್ಲಿ ಯಾವುದು ಅಂತ ಬರೆಯದೆ ಇದ್ದಾಗಲೇ ಜಗಳ.

ಕೈಗೆ ಹಿಡಿದು ನೋಡುವ ವಿಷಯ ಹೇಳಿದಿರಲ್ಲ, ಅದು ಪೂರ್ತಿ ಪರದೆ ಮೇಲೆ ಬರುವುದಿಲ್ಲ. ಆದರೆ ಒಂದು ಕೈ ಮಗ್ ಹಿಡಿದಿರುವ ಫೋಟೋ ಹಾಕಿ. ಹಿಡಿಯಲ್ಲಿ ಎಷ್ಟು ಬೆರಳು ಹಿಡಿಸುತ್ತದೆ ಅಂತ ಕಾಣಬೇಕು. ಎಷ್ಟು ಎಂಎಲ್ ಹಿಡಿಯುತ್ತದೆ, ಎಷ್ಟು ಗ್ರಾಂ ತೂಗುತ್ತದೆ, ಮೈಕ್ರೋವೇವ್‌ನಲ್ಲಿ ಇಡಬಹುದಾ, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಬಹುದಾ. ಹಗಲು ಬೆಳಕಿನ ಫೋಟೋ. ಹಿನ್ನೆಲೆಯಲ್ಲಿ ಒಣ ಹೂವು, ಹಳೇ ಪುಸ್ತಕ ಎಲ್ಲ ಜೋಡಿಸಿ ಮಗ್ ಎಲ್ಲಿದೆ ಅಂತ ಹುಡುಕುವ ಹಾಗೆ ಮಾಡಬೇಡಿ, ದಯವಿಟ್ಟು!

ಮತ್ತೆ, ಕೊರಿಯರ್ ಖರ್ಚನ್ನು ಕೊನೇ ಪುಟದವರೆಗೆ ಬಚ್ಚಿಡಬೇಡಿ. ನಾನು ಅಲ್ಲಿಂದಲೇ ವಾಪಸ್ ಹೋಗುವವಳು, ಮತ್ತು ನಾನೊಬ್ಬಳೇ ಅಲ್ಲ. ಆನ್‌ಲೈನ್ ಅಂಗಡಿಗಳನ್ನು ಅಧ್ಯಯನ ಮಾಡುವ ಬೇಮಾರ್ಡ್ ಸಂಸ್ಥೆಯ ಲೆಕ್ಕದಲ್ಲಿ, ಸಾಮಾನು ಹಾಕಿದ ಬುಟ್ಟಿಗಳಲ್ಲಿ ಸರಾಸರಿ ನೂರಕ್ಕೆ ಸುಮಾರು 70 ಕೊಳ್ಳದೆಯೇ ಬಿಟ್ಟು ಹೋಗುವಂಥವು. ಸುಮ್ನೆ ನೋಡಲು ಬಂದವರು ಅದರಲ್ಲಿ ತುಂಬ ಇದ್ದಾರೆ. ಅವರನ್ನು ಬಿಟ್ಟರೆ ಜನ ಮೊದಲು ಹೇಳುವ ಕಾರಣ, ಕೊನೆಗೆ ಸೇರುವ ಸಾಗಣೆ, ತೆರಿಗೆಯಂಥ ಖರ್ಚು ಜಾಸ್ತಿ ಆಯಿತು ಅನ್ನುವುದು.

ಹೊಸಗಾಳಿ

ಸರಿ, ಕಳಕೊಳ್ಳೋದು ಏನು ಅಂತ ಕೇಳಿದ್ದೆ, ಉತ್ತರ ಸಿಕ್ಕಿತು. 😄 ಆದರೂ ಫೋಟೋ ಹಾಕಿ ಅನ್ನುವುದನ್ನು ವಾಪಸ್ ತಗೊಳ್ಳಲ್ಲ. ಮಾರದಿದ್ದರೂ ತೋರಿಸಬೇಕಲ್ವಾ? ವಿಳಾಸ, ತೆರೆದಿರುವ ಹೊತ್ತು, ಮುಂದಿನ ಮೇಳ ಎಲ್ಲಿ, ಇಷ್ಟಾದರೂ ಹುಡುಕಿದವರಿಗೆ ಸಿಗಬೇಕು.

ಹಳೇ ತಕ್ಕಡಿ

ಹೊಸಗಾಳಿಯವರ ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಕಾಣಿಸಿಕೊಳ್ಳುವುದು ಬೇರೆ, ಆನ್‌ಲೈನ್‌ನಲ್ಲಿ ಮಾರುವುದು ಬೇರೆ. ಮೊದಲನೆಯದು ಎಲ್ಲರಿಗೂ ಬೇಕು.

ಮೇಡಂ, ನೀವು ಲೆಕ್ಕಕ್ಕೆ ಬರುವುದಿಲ್ಲ ಅಂದ ಗುಂಡಿಯೇ ನನ್ನ ಕಣ್ಣಿಗೆ ಬಿದ್ದದ್ದು. ಕಿಲ್ನ್‌ನಲ್ಲಿ ಹೇಗೂ ಖಾಲಿ ಇರುವ ಸಂದಿಯಲ್ಲಿ ಸುಡುತ್ತೀರಿ. ಅಚ್ಚಿನಿಂದ ಬರುವುದರಿಂದ ಅಳತೆ ಒಂದೇ. ಬೇಕು ಅಂದರೆ ಮತ್ತೆ ಮಾಡಬಹುದು. ಹಗುರ. ಎಲ್ಲಕ್ಕಿಂತ ಮುಖ್ಯ, ಅದನ್ನು ಕೊಳ್ಳುವವರು ಒಂದೇ ಕಡೆ ಇಲ್ಲ. ಒಂದು ಬೀದಿಯಲ್ಲಿ ಕೈಯಲ್ಲಿ ಮಾಡಿದ ಗುಂಡಿ ಬೇಕು ಅನ್ನುವವರು ಒಬ್ಬರೋ ಇಬ್ಬರೋ. ಅಷ್ಟಕ್ಕೆ ಯಾವ ಅಂಗಡಿಯೂ ಅದನ್ನು ಇಡುವುದಿಲ್ಲ. ಅದೇ ಕಾರಣಕ್ಕೆ ಅವರು ಫೋನ್ ಹಿಡಿದು ಹುಡುಕುತ್ತಾರೆ. ಮಗ್ ಅಂತ ಹುಡುಕಿದರೆ ಬರುವ ಲಕ್ಷಾಂತರ ಮಗ್‌ಗಳ ಕೆಳಗೆ ನಿಮ್ಮದು ಹೂತುಹೋಗುತ್ತದೆ. ಇಂಥ ಅಳತೆಯ, ಇಂಥ ಬಣ್ಣದ ಸೆರಾಮಿಕ್ ಗುಂಡಿ ಅಂತ ಹುಡುಕಿದರೆ ಪಟ್ಟಿ ಚಿಕ್ಕದು.

ಮಗ್ ಮಾಡಿದ್ದೆಲ್ಲ ಖರ್ಚಾಗುತ್ತಿದೆ, ಕಿಲ್ನ್ ತುಂಬಿದೆ ಅಂದಮೇಲೆ ಅದನ್ನು ಆನ್‌ಲೈನ್‌ಗೆ ಒಯ್ಯುವುದು ಯಾಕೆ? ಮೊದಲು ಬೆಲೆ ಸ್ವಲ್ಪ ಏರಿಸಿ ನೋಡಿ. ಒಂದೂ ವಾಪಸ್ ಬರುವುದಿಲ್ಲ ಅಂದರೆ ಕೆಲಸ ಚೆನ್ನಾಗಿದೆ ಅನ್ನುವುದು ಹೌದು, ಬೆಲೆ ಕಡಿಮೆ ಇದೆ ಅನ್ನುವುದೂ ಹೌದು. ಉಡುಗೊರೆ ಅಂಗಡಿಗೆ ಮಗ್ ಕೊಡುವುದನ್ನು ನಿಲ್ಲಿಸಿ, ಉಳಿಯುವ ಬಟ್ಟಲು, ತಟ್ಟೆ ಕೊಡಿ. ಈ ಎರಡಕ್ಕೂ ಇಂಟರ್‌ನೆಟ್ ಬೇಡ. ಹೂದಾನಿ ಮಾರುತ್ತಿಲ್ಲ ಅನ್ನುವುದಕ್ಕೆ ಆನ್‌ಲೈನ್ ಮದ್ದಲ್ಲ. ಎದುರಿಗೆ ನಿಂತು ನೋಡಿದವರೇ ಕೊಳ್ಳದ್ದನ್ನು ಫೋಟೋ ನೋಡಿದವರು ಕೊರಿಯರ್ ಖರ್ಚೂ ಕೊಟ್ಟು ಕೊಳ್ಳುತ್ತಾರೆ ಅನ್ನುವುದು ನನಗಂತೂ ನಂಬಿಕೆ ಬರುವುದಿಲ್ಲ. ಮೈದುನನಿಗೆ ಇದನ್ನು ಮೆತ್ತಗೆ ಹೇಳಿ.

ಟ್ರೈ ಮಾಡಿ ಅನ್ನಬೇಡಿ ಅಂದಿದ್ದೀರಿ. ಆದರೆ ಟ್ರೈ ಮಾಡುವುದರಲ್ಲೂ ಎರಡು ಥರ ಇದೆ. ಜಾಪೋಸ್ ಅನ್ನುವ ಶೂ ಕಂಪನಿಯನ್ನು ನಿಕ್ ಸ್ವಿನ್‌ಮರ್ನ್ 1999ರಲ್ಲಿ ಶುರು ಮಾಡಿದಾಗ ಗೋದಾಮು ಇರಲಿಲ್ಲ, ಸ್ಟಾಕ್ ಇರಲಿಲ್ಲ. ಶೂ ಅಂಗಡಿಗೆ ಹೋಗಿ, ಅಲ್ಲಿದ್ದ ಶೂಗಳ ಫೋಟೋ ತೆಗೆದು ಸೈಟ್‌ಗೆ ಹಾಕಿದರು. ಯಾರಾದರೂ ಕೊಂಡರೆ ಆ ಅಂಗಡಿಗೇ ಹೋಗಿ ಕೊಂಡು ಕಳಿಸಿದರು. ಅದರಲ್ಲಿ ಲಾಭ ಇರಲಿಲ್ಲ. ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರಾ ಅನ್ನುವ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು, ಸಿಕ್ಕಿತು. ನಿಮಗೂ ಪ್ರಶ್ನೆ ಒಂದೇ ಇರಬೇಕು: ನನ್ನನ್ನು ಒಮ್ಮೆಯೂ ನೋಡಿರದವರು ಗುಂಡಿ ಕೊಳ್ಳುತ್ತಾರಾ? ಅದಕ್ಕೆ ವೆಬ್‌ಸೈಟ್ ಬೇಡ. ಆಗಲೇ ಜನ ಓಡಾಡುವ ಒಂದು ಮಾರಾಟ ತಾಣದಲ್ಲಿ ನಾಲ್ಕು ಬಗೆಯ ಗುಂಡಿ ಹಾಕಿ. ಪರಿಚಯದವರು ಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವರದು ಪ್ರೀತಿ. ಎಲ್ಲಿಗೆ ಬಂದರೆ ನಿಲ್ಲಿಸುತ್ತೇನೆ ಅನ್ನುವುದನ್ನು ಶುರು ಮಾಡುವ ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅಂತ ಎಳೆಯುತ್ತದೆ.

ತಾಣ ಇನ್ನೊಬ್ಬರದು ಅನ್ನುವುದು ನೆನಪಿರಲಿ. ಎಟ್ಸಿ ಗೊತ್ತಲ್ಲ, ಕರಕುಶಲದವರ ತಾಣ, 2005ರಲ್ಲಿ ಶುರುವಾದದ್ದು. 2022ರ ಏಪ್ರಿಲ್‌ನಲ್ಲಿ ಅವರು ಮಾರಾಟದ ಮೇಲಿನ ಶುಲ್ಕವನ್ನು ನೂರಕ್ಕೆ 5ರಿಂದ 6.5ಕ್ಕೆ ಏರಿಸಿದರು. ಸಾವಿರಾರು ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿ ಮುಷ್ಕರ ಮಾಡಿದರು. ಶುಲ್ಕ ಇಳಿಯಲಿಲ್ಲ. ಅದಕ್ಕೇ ನಾನು ಪ್ರತಿ ಡಬ್ಬದಲ್ಲೂ ನನ್ನ ಹೆಸರು, ನೇರವಾಗಿ ಸಂಪರ್ಕಿಸುವ ದಾರಿ ಇರುವ ಒಂದು ಚೀಟಿ ಇಡುತ್ತೇನೆ. ತಾಣದ ನಿಯಮ ಅದಕ್ಕೆ ಎಷ್ಟು ಬಿಡುತ್ತದೆ ಅಂತ ಮೊದಲು ಓದಿಕೊಂಡು ಇಡಿ. ಗುಂಡಿ ಹೋಗುತ್ತದೆ ಅಂತ ಗಟ್ಟಿಯಾದಮೇಲೆ ಮೈದುನ ವೆಬ್‌ಸೈಟ್ ಮಾಡಲಿ. ಆಗ ಅವನ ಕೆಲಸಕ್ಕೂ ಅರ್ಥ ಬರುತ್ತದೆ.

ತಿಗರಿ ಮುಂದೆ

ಕೂತು ನನ್ನ ಅಂಕಿಗಳನ್ನು ಹಾಕಿ ನೋಡಿದೆ. ಮಗ್‌ಗೆ ನಿಮ್ಮ 13 ಕೂಡ ಬರಲಿಲ್ಲ, ನನ್ನ ಕಿಲ್ನ್ ಕರೆಂಟ್ ಜಾಸ್ತಿ ಎಳೆಯುತ್ತದೆ. ಗುಂಡಿಯಲ್ಲಿ ಚೆನ್ನಾಗಿ ಉಳಿಯುತ್ತದೆ, ಒಂದೊಂದಾಗಿ ಮಾರದೆ ಆರರ ಕಟ್ಟು ಮಾಡಿದರೆ.

ಮಗ್ ಬೆಲೆ ಮುಂದಿನ ಮೇಳದಿಂದ ಏರಿಸುತ್ತೇನೆ. ಹೂದಾನಿ ಮಾಡುವುದನ್ನು ಸದ್ಯಕ್ಕೆ ನಿಲ್ಲಿಸುತ್ತೇನೆ. ಕಷ್ಟ ಆಗುತ್ತದೆ, ಅದು ನನಗೆ ಇಷ್ಟದ ಕೆಲಸ. ಇಷ್ಟಕ್ಕೆ ಅಂತ ಒಂದೋ ಎರಡೋ ಮಾಡಿಕೊಂಡರೆ ಯಾರೂ ಬೇಡ ಅನ್ನಲ್ಲ, ಅಲ್ವಾ? ಮೈದುನನಿಗೆ ಮೆತ್ತಗೇ ಹೇಳಿದೆ. ಸ್ವಲ್ಪ ಮುಖ ಸಣ್ಣದಾಯಿತು. ಈಗ ಗುಂಡಿಯ ಫೋಟೋಗೆ ಬೆಳಕಿನ ಡಬ್ಬ ಕಟ್ಟುತ್ತಾ ಕೂತಿದ್ದಾನೆ.

ಗುಂಡಿ ವಿವರದಲ್ಲಿ ಏನೇನು ಬರೆಯಬೇಕು, ಕೊಳ್ಳುವವಳು ಅವರು ಹೇಳಬಹುದಾ?

ಕೊಳ್ಳುವವಳು

ಹೇಳುತ್ತೇನೆ, ನಾನೂ ಹೆಣೆಯುವವಳೇ. ಅಡ್ಡಗಲ ಮಿಲಿಮೀಟರ್‌ನಲ್ಲಿ, ದಪ್ಪವೂ ಸೇರಿಸಿ. ದಪ್ಪ ಗುಂಡಿ ಕಾಜಾದಲ್ಲಿ ನುಸುಳುವುದಿಲ್ಲ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೋ. ಒಂದು ಗುಂಡಿಯ ತೂಕ, ಯಾಕೆಂದರೆ ತೆಳು ಉಣ್ಣೆಯನ್ನು ಭಾರದ ಗುಂಡಿ ಕೆಳಗೆ ಜಗ್ಗುತ್ತದೆ. ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಬಹುದಾ, ಕೈಯಲ್ಲೇ ಒಗೆಯಬೇಕಾ ಅಂತ ಸ್ಪಷ್ಟವಾಗಿ ಬರೆಯಿರಿ. ಬರೆಯುವ ಮುಂಚೆ ನೀವೇ ಒಂದು ಹಳೇ ಸ್ವೆಟರ್‌ಗೆ ಹೊಲಿದು ಒಗೆದು ನೋಡಿ. ಆರರ ಕಟ್ಟು ಒಳ್ಳೆಯದು, ಆದರೆ ಬಿಡಿ ಗುಂಡಿಯೂ ಇರಲಿ. ಒಂದು ಕಳೆದುಹೋದರೆ ಇನ್ನೈದು ಯಾಕೆ ಕೊಳ್ಳಲಿ?

ಮತ್ತೆ ತೂತಿನ ಅಳತೆ. ಉಣ್ಣೆ ಸೂಜಿ ದಪ್ಪ ಇರುತ್ತದೆ. ತೂತಿನ ಒಳಗೆ ಗ್ಲೇಜ್ ಇಳಿದು ಚಿಕ್ಕದಾಗಿದ್ದರೆ ಸೂಜಿ ದಾಟುವುದಿಲ್ಲ. ಅಂಥದ್ದು ಬಂದರೆ ವಾಪಸ್ ಕಳಿಸುವವರಲ್ಲಿ ನಾನೇ ಮೊದಲಿಗಳು, ಈಗಲೇ ಹೇಳಿಬಿಡುತ್ತೇನೆ.